ಎರಡು ಗಳಿಗೆ ಏಳುವುದಿಲ್ಲ

ಗಡಹಿಂಗ್ಲಜ
18 ನವೆಂಬರ್ 2024

ನೂತನಾ,

ಕ್ಷೇಮದ ಮಾತು ಆಮೇಲೆ, ಮೊದಲು ಸಿಟ್ಟಿನ ಮಾತು ಬರೆದು ಮುಗಿಸುತ್ತೇನೆ. ನಿನ್ನೆ ನಿನ್ನ ಮಾವ ಜಿನಪಾಲರು ಯಾರದೋ ಲಗ್ನಪತ್ರಿಕೆ ಹಂಚುತ್ತ ಈ ಊರಿಗೆ ಬಂದವರು ನಮ್ಮ ಮನೆಗೂ ಬಂದಿದ್ದರು. ಚಹಾ ಕೊಟ್ಟೆ. ಕುಡಿದು, ಕಪ್ಪನ್ನು ನನ್ನ ಹೊಲಿಗೆ ಮಶೀನಿನ ಮೇಲೆಯೇ ಇಟ್ಟು, ನಿಧಾನಕ್ಕೆ ಶುರು ಮಾಡಿದರು.

"ಜಿನಮತಿಬಾಯಿ, ನಿಮ್ಮ ತಂಗಿ ಮಗಳಿಗೆ ನೀವ ಒಂದಿಷ್ಟು ತಿಳಿಸಿ ಹೇಳ್ರಿ. ಕೂಸು ನಮ್ಮ ಮನಿಯಾಕಿ ಕಡೆ ನಿಲ್ಲೂದಿಲ್ಲ. ಮಧ್ಯಾಹ್ನ ಒಂದ ತಾಸು ಸೈತ ಮಲಗೂದಿಲ್ಲ. ಜನೆವರಿ ಹದಿಮೂರಕ್ಕ ನೂತನ ಡ್ಯೂಟಿಗೆ ಹಾಜರಾಗಬೇಕು. ಅಷ್ಟರಾಗ ಕೂಸು ದೀಡ ತಾಸು ಮಲಗೂದು ಕಲೀತಂದ್ರ ಹೋಗ್ಲಿ, ಇಲ್ಲಂದ್ರ ರಾಜೀನಾಮೆ ಕೊಡ್ಲಿ. ನೂಲು ಸೂತಿನ ವ್ಯಾಪಾರಸ್ಥರು ನಾವು. ಎಸ್.ಟಿ. ಗಾಡ್ಯಾಗ ಟಿಕೀಟ ಹರಿಯೂ ಸೊಸಿ ನಮಗ್ಯಾಕ ಬೇಕ್ರಿ?"

ಒಂದೂವರೆ ತಾಸಿನ ಲೆಕ್ಕ ಹೇಳಿ, ನಾಲ್ಕು ತಿಂಗಳ ಕೂಸಿನ ಕಣ್ಣರೆಪ್ಪೆಗೆ ನಿನ್ನ ನೌಕರಿಯನ್ನು ಕಟ್ಟಿ ತೂಗುಹಾಕಿ ಹೋದರು. ಅವರು ಹೋದ ಮೇಲೆ ಕಪ್ಪನ್ನೆತ್ತಿ ಮಶೀನು ಒರೆಸಿದೆ. ಉತ್ತರ ನಿನಗೆ ಕೊಡುತ್ತಿದ್ದೇನೆ: ನೌಕರಿ ಬಿಡಬೇಡ.

ನಿನ್ನ ದೊಡ್ಡಪ್ಪ ತೀರಿಕೊಂಡ ವರ್ಷ ನಾನು ಮಶೀನನ್ನು ಬೀದಿ ಕಡೆಯ ಕಿಟಕಿಗೆ ತಂದಿಟ್ಟಾಗ ಭಾವಂದಿರು ಮನೆತನದ ಮರ್ಯಾದೆಯ ಮಾತೆತ್ತಿದ್ದರು. ಮರ್ಯಾದೆಗೆ ಕುಪ್ಪಸ ಹೊಲಿಯಲು ಬರುವುದಿಲ್ಲ, ನನಗೆ ಬರುತ್ತದೆ ಎಂದಿದ್ದೆ. ಇವತ್ತು ಅವರ ಸೊಸೆಯಂದಿರ ಕುಪ್ಪಸಗಳೆಲ್ಲ ಅದೇ ಕಿಟಕಿಗೆ ಬರುತ್ತವೆ. ಅಳತೆ ತೆಗೆಯುವಾಗ ಯಾರೂ ಮರ್ಯಾದೆಯ ಮಾತಾಡುವುದಿಲ್ಲ.

ಕಾಗದ ಏಕೆ ಎಂದು ಕೇಳಬೇಡ. ಫೋನು ಹಿಡಿದರೆ ನನ್ನ ಎಡಗಿವಿ ಸತ್ತಿರುತ್ತದೆ, ಬಲಗಿವಿ ಸುಳ್ಳು ಹೇಳುತ್ತದೆ. ನಿನಗೂ ಅಲ್ಲಿ ಎಲ್ಲರ ನಡುವೆ ಕೂತು ಮಾತಾಡಬೇಕು. ನಿನ್ನ ಜೊತೆಗಾತಿ ಸ್ನೇಹಲ ಇಚಲಕರಂಜಿಯಿಂದ ಇಲ್ಲಿಗೆ ಬರುವ ಗಾಡಿಯ ಕಂಡಕ್ಟರ್ ಅಲ್ಲವೇ, ಅವಳ ಕೈಯಲ್ಲಿ ಕೊಡುತ್ತೇನೆ, ನೀನೂ ಅವಳಿಗೇ ಕೊಡು. ನಿಮ್ಮ ಮನೆಯಲ್ಲಿ ಕನ್ನಡ ಮಾತಾಡುವವರಿದ್ದಾರೆ, ಓದುವವರಿಲ್ಲ, ಎಲ್ಲರದೂ ಮರಾಠಿ ಶಾಲೆ. ಬಸದಿಯ ಪುಸ್ತಕ ಹಿಡಿದು ನಾನೊಬ್ಬಳೇ ಕಲಿತು ನಿನಗೆ ತಿದ್ದಿಸಿದ ಅಕ್ಷರ ಈಗ ಉಪಯೋಗಕ್ಕೆ ಬರಲಿ.

ಈಗ ಕೂಸಿನ ವಿಷಯ. ನಾನು ಬಂದು ಮಲಗಿಸಲೇ ಎಂದು ನೂರು ಸಲ ಮನಸ್ಸಾಯಿತು. ಬಂದರೆ ಅದು ನನ್ನ ಕೈಗೆ ಹೊಂದಿಕೊಳ್ಳುತ್ತದೆ, ನಾನು ಹೊರಟ ದಿನ ಮತ್ತೆ ರಾಮಾಯಣ. ನೀನೇ ಮಾಡು. ಎಣ್ಣೆ ಹಚ್ಚಿ ಎರೆದ ಮೇಲೆ, ಹೊಟ್ಟೆ ತುಂಬ ಕುಡಿಸಿ, ಕಿಟಕಿಗೆ ಪರದೆ ಎಳೆದು ಮಲಗಿಸು. ಏಳು ದಿನ ಒಂದು ಹಾಳೆಯಲ್ಲಿ ಬರೆದಿಡು: ಎಷ್ಟಕ್ಕೆ ಮಲಗಿದಳು, ಎಷ್ಟಕ್ಕೆ ಎದ್ದಳು, ಆಗ ಮನೆಯಲ್ಲಿ ಯಾರು ಎಲ್ಲಿದ್ದರು. ಕೂಸು ಮಾತಾಡುವುದಿಲ್ಲ, ಹಾಳೆ ಮಾತಾಡುತ್ತದೆ.

ನಿನ್ನ ಅತ್ತೆ ಮಂಗಲಾಬಾಯಿ ಬೇಕೆಂತಲೇ ಎಬ್ಬಿಸುತ್ತಿರಬಹುದು ಎಂಬ ಸಂಶಯ ನನಗೆ. ತಪ್ಪಾದರೆ ಕಿವಿ ಹಿಡಿದುಕೊಳ್ಳುತ್ತೇನೆ, ಹೇಗೂ ಎರಡೂ ಕೆಲಸಕ್ಕಿಲ್ಲ.

ನಿನ್ನ ದೊಡ್ಡವ್ವ


ಇಚಲಕರಂಜಿ
27 ನವೆಂಬರ್ 2024

ದೊಡ್ಡವ್ವಾ,

ಹಾಳೆ ಇದರ ಜೊತೆಗಿದೆ. ಓದಿದರೆ ನಿನಗೂ ತಲೆ ತಿರುಗುತ್ತದೆ. ಮೂವತ್ತೆಂಟು ನಿಮಿಷ, ನಲವತ್ತು, ನಲವತ್ತೆರಡು, ಮತ್ತೆ ಮೂವತ್ತೊಂಬತ್ತು. ನಮ್ಮ ಡಿಪೋದಲ್ಲಿ ಒಂದು ಗಾಡಿಯೂ ಇಷ್ಟು ಹೊತ್ತಿಗೆ ಸರಿಯಾಗಿ ಹೊರಡುವುದಿಲ್ಲ. ಮೊಲೆ ಕುಡಿಯುತ್ತ ಪ್ರಾಜಕ್ತಾ ನನ್ನ ತೊಡೆಯ ಮೇಲೆ ನಿದ್ದೆ ಹೋಗುತ್ತಾಳೆ, ಹಗುರಕ್ಕೆ ತೊಟ್ಟಿಲಿಗೆ ಹಾಕುತ್ತೇನೆ, ನಲವತ್ತಕ್ಕೆ "ಊಂ" ಎನ್ನುತ್ತಾಳೆ. ಆ "ಊಂ" ಮುಗಿಯುವ ಮೊದಲೇ ಅತ್ತೆ ಓಡಿಬಂದು ಎತ್ತಿಕೊಂಡಿರುತ್ತಾರೆ. ಆಮೇಲೆ ಸಂಜೆತನಕ ಕಿರಿಕಿರಿ. ಮಲಗದ ಕೂಸು ಆಡುವುದೂ ಇಲ್ಲ, ಕುಡಿಯುವುದೂ ಇಲ್ಲ.

ಒಂದು ದಿನ ಧೈರ್ಯ ಮಾಡಿ ಹೇಳಿದೆ, "ಅತ್ತಿಯಾರ, ಒಂದೆರಡು ನಿಮಿಷ ಬಿಟ್ಟ ನೋಡೂಣ್ರಿ, ತಿರುಗಿ ಮಲಗಬಹುದು."

"ಬಿಡೂದಾ? ಅಗ ಬಾಯಿ, ಕೂಸನ್ನ ಅಳಾಕ ಬಿಡೂದು ಹಿಂಸಾ. ಇರಿವಿ ಸೈತ ತುಳೀದ ದಾಟಿ ಹೋಗೂ ಮನಿ ಇದು. ಮೊಮ್ಮಗಳನ್ನ ಅಳಸ್ತೀನೇನು?"

ಅಹಿಂಸೆ ಎಂದ ಮೇಲೆ ಮಾತು ಮುಗಿಯಿತು. ನಿನ್ನ ಸಂಶಯ ನನ್ನದೂ ಹೌದು. ನಾನು ಡ್ಯೂಟಿಗೆ ಹೋಗುವುದು ಬೇಡವಾಗಿದೆ ಅವರಿಗೆ, ಅದಕ್ಕೇ ಈ ಓಟ.

23ನೇ ತಾರೀಖಿನ ಸಾಲು ನೋಡು. ಹನ್ನೆರಡಕ್ಕೆ ಮಲಗಿದವಳು ಒಂದೂ ಮೂವತ್ತೈದಕ್ಕೆ ಎದ್ದಳು! ಗೋಡೆಯಾಚೆಯ ಕಾರ್ಖಾನೆಯಲ್ಲಿ ದಿನವಿಡೀ ಬಡಿಯುವ ಕರೆಂಟಿನ ಮಗ್ಗಗಳು ಅಂದು ರಿಪೇರಿಗೆ ನಿಂತಿದ್ದವು. ಮಾವ ಹೇಳುವುದು ಇದನ್ನೇ, "ಮಗ್ಗದ ಸದ್ದಿಗೆ ಕೂಸು ಹೊಂದೂದಿಲ್ಲ, ನೀ ಡ್ಯೂಟಿ ವಿಚಾರ ಬಿಡು." ಹದಿನಾರು ಮಗ್ಗಗಳನ್ನು ನಾನು ಹೇಗೆ ನಿಲ್ಲಿಸಲಿ ದೊಡ್ಡವ್ವಾ? ಊರ ಹೊರಗೆ ಕೊರೋಚಿಯ ಕಡೆ ಮನೆ ಮಾಡಿದರೂ ಅಲ್ಲಿಯೂ ಮಗ್ಗವೇ.

ನೂತನ


ಗಡಹಿಂಗ್ಲಜ
30 ನವೆಂಬರ್ 2024

ನೂತನಾ,

ಮಗ್ಗವಲ್ಲ. ನಿನ್ನ ಹೊಟ್ಟೆಯೊಳಗಿದ್ದಾಗಿನಿಂದ ಕೇಳಿದ ಸದ್ದು ಅದು. ಇಚಲಕರಂಜಿಯ ಕೂಸು ಮಗ್ಗಕ್ಕೆ ಎಚ್ಚರಾಗುವುದಾದರೆ ಆ ಊರಿನಲ್ಲಿ ಯಾರೂ ದೊಡ್ಡವರೇ ಆಗುತ್ತಿರಲಿಲ್ಲ.

ಹಾಳೆಯನ್ನು ಮೂರು ಸಲ ಓದಿದೆ. ಪ್ರತಿ ಸಾಲಿನ ಕೊನೆಗೆ "ಅತ್ತೆ ಎತ್ತಿಕೊಂಡರು" ಎಂದು ಬರೆದಿದ್ದೀಯ. 23ರ ಸಾಲಿಗೆ ಮಾತ್ರ ಅದಿಲ್ಲ. ಮಂಗಲಾಬಾಯಿ ಎಲ್ಲಿದ್ದರು ಅಂದು? ನೀನೆಲ್ಲಿದ್ದೆ? ನೆನಪು ಮಾಡಿಕೊಂಡು ಬರೆ, ಚೂರೂ ಬಿಡದೆ.

ಅಲ್ಲಿಯವರೆಗೆ ಒಂದು ಕೆಲಸ. ನಾನು ಹಿಂದೆ ಬರೆದದ್ದರಲ್ಲಿ ಒಂದು ತಪ್ಪಿತ್ತು. ಹೊಟ್ಟೆ ತುಂಬಿಸಿ ಮಲಗಿಸು ಎಂದಿದ್ದೆ. ಅದರಿಂದ ಅವಳು ಮೊಲೆ ಬಾಯಲ್ಲಿದ್ದರೇ ನಿದ್ದೆ ಎಂದು ಕಲಿತಿದ್ದಾಳೆ. ತೊಡೆಯ ಮೇಲೆ ಕಣ್ಣು ಮುಚ್ಚಿದವಳು ತೊಟ್ಟಿಲಲ್ಲಿ ಕಣ್ಣು ಬಿಟ್ಟರೆ ಗಾಬರಿಯಾಗದೆ ಏನು? ನೀನು ಹಾಸಿಗೆಯಲ್ಲಿ ಮಲಗಿ ಬಸ್‌ಸ್ಟ್ಯಾಂಡಿನಲ್ಲಿ ಎದ್ದರೆ ಕೂಗುವುದಿಲ್ಲವೇ? ಇನ್ನು ಮೇಲೆ ಎದ್ದ ಕೂಡಲೇ ಕುಡಿಸು, ಆಮೇಲೆ ಆಡಲಿ, ಆಮೇಲೆ ನಿದ್ದೆ. ಕಣ್ಣು ಉಜ್ಜಿದಳು, ಕಿವಿ ಎಳೆದುಕೊಂಡಳು ಎಂದರೆ ತಡಮಾಡದೆ ಪರದೆ ಎಳೆ, ಒಂದೇ ಜೋಗುಳ ಹಾಡು, ಇನ್ನೂ ಎಚ್ಚರ ಇರುವಾಗಲೇ ಅಂಗಾತ ಮಲಗಿಸು. ತೊಟ್ಟಿಲಲ್ಲಿ ದಿಂಬು, ಕೌದಿ, ಗೊಂಬೆ ಏನೂ ಬೇಡ. ತಾನೆಲ್ಲಿ ಮಲಗಿದ್ದೇನೆ ಎಂದು ನೋಡಿಕೊಂಡೇ ಮಲಗಲಿ.

ಎರಡು ದಿನ ಅತ್ತು ರಂಪ ಮಾಡುತ್ತಾಳೆ. ನಿನ್ನ ಸೋದರಮಾವಂದಿರ ರಕ್ತವೂ ಅವಳಲ್ಲಿದೆಯಲ್ಲ.

ದೊಡ್ಡವ್ವ


ಇಚಲಕರಂಜಿ
6 ಡಿಸೆಂಬರ್ 2024

ದೊಡ್ಡವ್ವಾ,

ಅಂದು ಅಷ್ಟಮಿ. ನಾನು ಗಚ್ಚಿನ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಅತ್ತೆ ಉಪವಾಸವಿದ್ದರು. ಪ್ರಾಜಕ್ತಾ ಹುಟ್ಟಿದಾಗಿನಿಂದ ಬಿಟ್ಟಿದ್ದ ಮಧ್ಯಾಹ್ನದ ಸಾಮಾಯಿಕಕ್ಕೆ ಅಂದು ಕೂತಿದ್ದರು. ನಿನಗೆ ಗೊತ್ತಿದ್ದದ್ದೇ, ಎರಡು ಗಳಿಗೆ, ನಲವತ್ತೆಂಟು ನಿಮಿಷ, ಧ್ಯಾನ ಮುಗಿಯುವವರೆಗೆ ಅವರು ಮಣೆ ಬಿಟ್ಟು ಏಳುವುದಿಲ್ಲ, ತುಟಿ ಬಿಚ್ಚುವುದಿಲ್ಲ.

ನಾನು ಕೆಳಗಿಳಿದು ಬಂದಾಗ ಒಂದಕ್ಕೆ ಹತ್ತು ನಿಮಿಷ ಕಡಿಮೆ ಇತ್ತು. ಕೂಸು ನಿದ್ದೆಯಲ್ಲಿತ್ತು. ಅತ್ತೆ ಕಣ್ಣು ಮುಚ್ಚಿ ಕೂತಿದ್ದರು, ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಏನೋ ಭಕ್ತಿ ಎಂದುಕೊಂಡೆ. ಎದ್ದ ಮೇಲೆ ಗೋಡೆಗೆ ತಲೆ ಹಚ್ಚಿ ಅತ್ತರು.

"ಪ್ರಾಜು ನಡುವ ಎದ್ದು ಅತ್ಲು ನೂತನಾ. ನಾ ಕಲ್ಲಿನಂಗ ಕುಂತೆ. ಅತ್ತು ಅತ್ತು ಸಾಕಾಗಿ ಮಲಗಿದ್ಲು. ಇಂಥಾ ಧ್ಯಾನಕ್ಕ ಬೆಂಕಿ ಹಚ್ಚಲಿ. ಇಕಿ ದೊಡ್ಡಾಕಿ ಆಗೂತನಕ ನಾ ಮತ್ತ ಕೂಡೂದಿಲ್ಲ."

ಎಷ್ಟು ಹೊತ್ತು ಅತ್ತಳು ಎಂದು ಈಗ ಕೇಳಿದೆ. "ಮೂರ್ನಾಕು ನಿಮಿಷ ಇರಬೇಕು, ನನಗ ಮೂರ ವರ್ಷ ಆದಂಗ ಆತು" ಎಂದರು.

ನೀನು ಹೇಳಿದಂತೆ ಎಚ್ಚರವಿರುವಾಗಲೇ ಮಲಗಿಸುತ್ತಿದ್ದೇನೆ. ನಾಲ್ಕನೇ ದಿನಕ್ಕೆ ತಾನಾಗಿ ನಿದ್ದೆ ಹೋದಳು. ನಲವತ್ತರ "ಊಂ" ಮಾತ್ರ ಹಾಗೇ ಇದೆ, ಅತ್ತೆಯ ಓಟವೂ ಹಾಗೇ ಇದೆ.

ಉಳಿದಂತೆ ಎಲ್ಲ ಸರಿಯಿದೆ.

ನೂತನ


ಗಡಹಿಂಗ್ಲಜ
10 ಡಿಸೆಂಬರ್ 2024

ನೂತನಾ,

"ಉಳಿದಂತೆ ಎಲ್ಲ ಸರಿಯಿದೆ" ಎಂದು ಬರೆದೆ. ಸ್ನೇಹಲ ನನ್ನ ಜಗಲಿಯ ಮೇಲೆ ಕೂತು ನೀರು ಕುಡಿಯುತ್ತ ಬೇರೆ ಹೇಳಿದಳು. ರಾಜೀನಾಮೆ ಬರೆದು, ಸಹಿ ಮಾಡಿ, ಗಂಡನ ಕೈಯಲ್ಲಿ ಕೊಟ್ಟಿದ್ದೀಯಂತೆ. ಕೂಸು ಹೊಂದದಿದ್ದರೆ ಜನವರಿ ಹನ್ನೆರಡರ ಸಂಜೆ ಅದನ್ನು ಡಿಪೋಕ್ಕೆ ಕಳಿಸುವುದಂತೆ. ಪಾಕೀಟಿನಲ್ಲಿಟ್ಟುಕೊಂಡು ತಿರುಗುತ್ತಿದ್ದಾನಂತೆ ಸಮ್ಮೇದ.

ನನಗೇಕೆ ಬರೆಯಲಿಲ್ಲ? ಬೈಯುತ್ತೇನೆ ಎಂದೇ? ಬೈಯುತ್ತಿದ್ದೇನೆ. ಕೂಸಿಗೆ ನಿದ್ದೆ ಕಲಿಸಲು ಹೊರಟವಳು ಮೊದಲೇ ಸೋಲಿಗೆ ಸಹಿ ಹಾಕಿ ಕೊಟ್ಟೆಯಾ? ಚಂದಗಡದ ಮಳೆಯಲ್ಲಿ, ಕಿಕ್ಕಿರಿದ ಗಾಡಿಯಲ್ಲಿ, ಕುಡಿದವನನ್ನು ಕೊರಳಪಟ್ಟಿ ಹಿಡಿದು ಇಳಿಸಿದ ಹುಡುಗಿ ನೀನು. ಮಾವ ಕೆಮ್ಮಿದರೆ ಸಹಿ ಮಾಡುತ್ತೀಯ. ಆ ಕಾಗದ ತಿರುಗಿ ತೆಗೆದುಕೋ.

ಈಗ ನನ್ನ ಕಿವಿ ನಾನು ಹಿಡಿದುಕೊಳ್ಳಬೇಕು. ಮಂಗಲಾಬಾಯಿ ಬೇಕೆಂದು ಎಬ್ಬಿಸುತ್ತಿಲ್ಲ. ಆ ಹೆಂಗಸು ಕಣ್ಣೀರು ಸುರಿಸುತ್ತ ಕೂತಳಲ್ಲ, ಅವಳಿಗೆ ಗೊತ್ತಿಲ್ಲದೆ ಕೂಸಿಗೆ ಅದೇ ಔಷಧವಾಯಿತು. ನಲವತ್ತು ನಿಮಿಷಕ್ಕೆ ಕೂಸಿನ ನಿದ್ದೆ ತೆಳುವಾಗುತ್ತದೆ, ದೊಡ್ಡವರು ಮಗ್ಗುಲಾಗುತ್ತೇವಲ್ಲ ಹಾಗೆ. ಆಗ ಯಾರೂ ಮುಟ್ಟದಿದ್ದರೆ ಮತ್ತೆ ಮುಳುಗುತ್ತದೆ. ಎತ್ತಿದರೆ ಪೂರ್ತಿ ಎಚ್ಚರ. ಅರ್ಧ ನಿದ್ದೆಯನ್ನು ಕಸಿದುಕೊಳ್ಳುವುದು ಯಾವ ಅಹಿಂಸೆ? ಇದನ್ನು ಬಸದಿಯಲ್ಲಿ ಕೇಳಿದರೂ ಕೇಳಿಯೇನು.

ಹಾಗಾಗಿ ಮಧ್ಯಾಹ್ನ ಹನ್ನೆರಡಕ್ಕೆ ಪ್ರಾಜಕ್ತಾ ತೊಟ್ಟಿಲಿಗೆ, ನಿನ್ನ ಅತ್ತೆ ಸಾಮಾಯಿಕಕ್ಕೆ, ಅದೇ ಕೋಣೆಯಲ್ಲಿ. ನಲವತ್ತರ "ಊಂ" ನಲವತ್ತೆಂಟರ ಒಳಗೇ ಬರುತ್ತದೆ, ಅವರು ಏಳುವಂತಿಲ್ಲ. ಅವರಿಗೆ ಕಷ್ಟವಾದರೆ ಒಂದು ಕಾಯೋತ್ಸರ್ಗ ಮಾಡಲಿ, ಒಂಬತ್ತು ಸಲ ಣಮೋಕಾರ ಮಂತ್ರ, ಇಪ್ಪತ್ತೇಳು ಉಸಿರು. ಅಷ್ಟರಲ್ಲಿ ಗೊಣಗಾಟ ಇಳಿದರೆ ನಿದ್ದೆ ಬಂತೆಂದೇ ಲೆಕ್ಕ. ಏರುತ್ತ ಹೋದರೆ, ಹಸಿವೆಯ ಅಳು, ನೋವಿನ ಅಳು ಕೇಳಿದರೆ, ಧ್ಯಾನ ಮುರಿದು ಎತ್ತಿಕೊಳ್ಳಲಿ. ಅದಕ್ಕೆ ಯಾವ ತೀರ್ಥಂಕರರೂ ಮುನಿಯುವುದಿಲ್ಲ. ಗೊಣಗಾಟ ಯಾವುದು, ಅಳು ಯಾವುದು ಎಂದು ಆರು ಮಕ್ಕಳ ಮನೆಯಲ್ಲಿ ಬೆಳೆದ ಹೆಂಗಸಿಗೆ ನಾನು ಹೇಳಿಕೊಡಬೇಕೇ?

ಬೆಳಗಿನ ನಿದ್ದೆ ಚಿಕ್ಕದಿದ್ದರೆ ಇರಲಿ, ಅದನ್ನು ಕೆದಕಬೇಡ. ಮಧ್ಯಾಹ್ನದ್ದನ್ನು ಹಿಡಿ. ಹೊತ್ತು ತಪ್ಪಿಸಬೇಡ, ರವಿವಾರ ಎಂದು ಬಿಡಬೇಡ.

ದೊಡ್ಡವ್ವ


ಇಚಲಕರಂಜಿ
24 ಡಿಸೆಂಬರ್ 2024

ದೊಡ್ಡವ್ವಾ,

ನನ್ನ ಬೆನ್ನ ಹಿಂದೆ ಅತ್ತೆಗೆ ಕಾಗದ ಬರೆದೆಯಾ? ಮರಾಠಿಯಲ್ಲಿ? ಸ್ನೇಹಲಳ ಕೈಯಲ್ಲೇ ಕೊಟ್ಟು, ನನಗೆ ಹೇಳಬೇಡ ಎಂದು ಅವಳಿಗೆ ಆಣೆ ಹಾಕಿ? ಅತ್ತೆ ಅದನ್ನು ದೇವರ ಪಟದ ಹಿಂದೆ ಇಟ್ಟಿದ್ದಾರೆ. ಏನು ಬರೆದಿದ್ದಾರೆ ಎಂದು ಕೇಳಿದರೆ "ನಿಮ್ಮ ದೊಡ್ಡವ್ವಂದು ನಂದು ಇರ್ತಾವು ನೂರಾ ಎಂಟು" ಎಂದು ಎದ್ದು ಹೋಗುತ್ತಾರೆ. ನನ್ನ ಮೇಲೆ ಚಾಡಿ ಹೇಳಿದೆಯೋ, ಅವರ ಕಾಲು ಹಿಡಿದೆಯೋ, ನನಗೆ ಯಾವುದೂ ಇಷ್ಟವಿಲ್ಲ. ನನ್ನ ಮನೆಯ ಜಗಳ ನಾನು ಆಡುತ್ತೇನೆ.

ಅದು ಇರಲಿ. ನಡೆದದ್ದು ಬರೆಯುತ್ತೇನೆ, ನಿನಗೆ ಬೇಕಾದದ್ದು ಅದೇ ತಾನೆ.

ಕಾಗದ ಬಂದ ಮರುದಿನ ಹನ್ನೆರಡಕ್ಕೆ ಅತ್ತೆ ನನ್ನಿಂದ ಕೂಸನ್ನು ಇಸಿದುಕೊಂಡರು. ತಾವೇ ಪರದೆ ಎಳೆದರು, ಜೋಗುಳ ಹಾಡಿದರು, ತೊಟ್ಟಿಲಿಗೆ ಹಾಕಿದರು. ಎದುರಿಗೆ ಮಣೆ ಹಾಕಿ ಕೂಡುವ ಮೊದಲು "ನೀ ಹೊರಗ ಹೋಗು, ನೀ ಕಂಡ್ರ ಇಕಿ ಬಿಡೂದಿಲ್ಲ" ಎಂದರು. ಹೊರಗೆ ಕೂತು ನಾನು ಅತ್ತುಬಿಟ್ಟೆ ದೊಡ್ಡವ್ವಾ, ಒಳಗೆ ಕೂಸು ಅತ್ತಿತು. ಮೊದಲ ದಿನ ಅವರು ಧ್ಯಾನ ಮುರಿದು ಎತ್ತಿಕೊಂಡರು. ಎರಡನೇ ದಿನವೂ. ಮೂರನೇ ದಿನ ಮಾವ ಊಟಕ್ಕೆ ಬಂದಾಗ ಸರಿಯಾಗಿ "ಊಂ" ಶುರುವಾಯಿತು.

"ಏನಿದು! ಮೊಮ್ಮಗಳು ಅಳಾಕತ್ತಾಳ, ಅಜ್ಜಿ ಮೋಕ್ಷಕ್ಕ ಹೊಂಟಾಳ!" ಎಂದು ಬಾಗಿಲಲ್ಲಿ ನಿಂತು ಕೂಗಿದರು. ಅತ್ತೆ ಕಣ್ಣು ಬಿಡಲಿಲ್ಲ. ಕೂಸು ಎರಡು ಸಲ ಕಾಲು ಝಾಡಿಸಿ, ಬೆರಳು ಬಾಯಿಗಿಟ್ಟು, ಸುಮ್ಮನಾಯಿತು. ನಲವತ್ತೆಂಟು ನಿಮಿಷ ತುಂಬಿದ ಮೇಲೆ ಅತ್ತೆ ಎದ್ದು ಬಂದು ಹೇಳಿದರು, "ಮೋಕ್ಷಕ್ಕ ಹೋದ್ರ ನಿಮಗ ಊಟಕ್ಕ ಯಾರ ನೀಡಬೇಕ್ರಿ? ಅದಕ್ಕ ತಿರುಗಿ ಬಂದೇನಿ. ಹಗುರ ಮಾತಾಡ್ರಿ, ಕೂಸು ಮಲಗೇತಿ." ಮಾವನ ಎದುರು ಅವರು ಹೀಗೆ ಮಾತಾಡಿದ್ದನ್ನು ನಾನು ಈ ಎರಡು ವರ್ಷದಲ್ಲಿ ಕೇಳಿಲ್ಲ.

ಏಳನೇ ದಿನ ಒಂದು ತಾಸು ಹತ್ತು ನಿಮಿಷ. ನಿನ್ನೆ ಒಂದೂವರೆ.

ಎಲ್ಲರಿಗೂ ಖುಷಿ. ನನಗೆ ಆಗಬೇಕಾದಷ್ಟು ಆಗಲಿಲ್ಲ. ಮಲಗಿಸಲು ನಾನು ಬೇಡ, ಎಬ್ಬಿಸಲು ನಾನು ಬೇಡ. ಎದ್ದು ಮೊದಲು ಅಜ್ಜಿಯ ಕಡೆ ನೋಡಿ ನಗುತ್ತಾಳೆ. ಅದು ಮಲಗದೇ ಹೋಗಲಿ ಎಂದು ಒಂದು ಕ್ಷಣ ಅನ್ನಿಸಿತು. ಕಾಗದದಲ್ಲಿ ಬರೆಯುವ ಮಾತಲ್ಲ ಇದು. ರಾಜೀನಾಮೆಗೆ ಅಷ್ಟು ಸಲೀಸಾಗಿ ಸಹಿ ಮಾಡಿದೆ ಏಕೆ ಎಂದು ಕೇಳಿದ್ದೆಯಲ್ಲ. ಮಾವನ ಹೆದರಿಕೆ ಅರ್ಧ. ಉಳಿದ ಅರ್ಧ, ಹೀಗಾಗುತ್ತದೆ ಎಂಬ ಹೆದರಿಕೆ.

ನೂತನ


ಗಡಹಿಂಗ್ಲಜ
28 ಡಿಸೆಂಬರ್ 2024

ನೂತನಾ,

ಬರೆದದ್ದು ಹೌದು. ನಿನ್ನನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದೆ, ಅದಕ್ಕೇ ಕೇಳಲಿಲ್ಲ. ಚಾಡಿಯೂ ಇಲ್ಲ, ಕಾಲು ಹಿಡಿದದ್ದೂ ಇಲ್ಲ. ನನ್ನ ಮುರುಕು ಮರಾಠಿಯಲ್ಲಿ ಬರೆದದ್ದು ಕನ್ನಡದಲ್ಲಿ ಇಷ್ಟಾಗುತ್ತದೆ:

"ಮಂಗಲಾಬಾಯಿ, ಬೆಳಗಿನಿಂದ ಹೊತ್ತು ಮುಳುಗುವ ಊಟದವರೆಗೆ ನಿಮ್ಮನ್ನು ಎಷ್ಟು ಸಲ ಎಬ್ಬಿಸುತ್ತಾರೆ, ಎಣಿಸಿದ್ದೀರಾ? ನೀರು ತಾ, ಬೀಗದ ಕೈ ತಾ, ಬಾಗಿಲು ತೆಗೆ. ಇಡೀ ದಿನದಲ್ಲಿ ಯಾರೂ ನಿಮಗೆ ಏಳು ಎನ್ನಲಾಗದ ಹೊತ್ತು ಒಂದೇ ಇತ್ತು, ಅದನ್ನೂ ಬಿಟ್ಟುಕೊಟ್ಟಿರಿ. ಅದು ನಿಮ್ಮದು. ತಿರುಗಿ ತೆಗೆದುಕೊಳ್ಳಿರಿ. ಕೂಸು ಎದುರಿಗೆ ಮಲಗಿರಲಿ. ಅಂದು ಅದು ಅತ್ತದ್ದು ನಿಮ್ಮ ತಪ್ಪಿನಿಂದ ಅಲ್ಲ, ತಿರುಗಿ ಮಲಗಿದ್ದು ಮಾತ್ರ ನಿಮ್ಮಿಂದ."

ಇಷ್ಟೇ. ಇದಕ್ಕೆ ನೂರೆಂಟು ಎಂದು ಯಾಕೆ ಹೇಳಿದರೋ.

ನಿನ್ನ ಕೊನೆಯ ಮಾತು ಓದಿ ನಾನು ಕತ್ತರಿ ಕೆಳಗಿಟ್ಟೆ. ಹನ್ನೊಂದು ವರ್ಷದ ನಿನ್ನನ್ನು ಕೊಲ್ಹಾಪುರದ ಬೋರ್ಡಿಂಗಿಗೆ ಬಿಟ್ಟು ಬಂದಾಗ, ಮರುವಾರ ನೋಡಲು ಬಂದರೆ ನೀನು ಗೆಳತಿಯರ ಜೊತೆ ಜಿಗಿದಾಡುತ್ತಿದ್ದೆ. ದೊಡ್ಡವ್ವಾ, ಇಷ್ಟು ಬೇಗ ಯಾಕೆ ಬಂದೆ ಎಂದೆ. ತಿರುಗಿ ಬರುವ ಗಾಡಿಯಲ್ಲಿ ನಾನು ಕಿಟಕಿಗೆ ಮುಖ ಮಾಡಿ ಕೂತಿದ್ದೆ. ಇದುವರೆಗೆ ನಿನಗೆ ಹೇಳಿಲ್ಲ. ಅತ್ತರೆ ಅಳು, ನಾಚಿಕೆ ಬೇಡ. ಆದರೆ ನಿನ್ನ ದುಃಖದಲ್ಲಿ ಸಹಿ ಹಾಕಿದ ಕಾಗದವನ್ನು ಮಾವನ ಗೆಲುವಿಗೆ ಕೊಡಬೇಡ.

ದೊಡ್ಡವ್ವ


ಇಚಲಕರಂಜಿ
9 ಜನವರಿ 2025

ದೊಡ್ಡವ್ವಾ,

ಎಲ್ಲ ಕೆಟ್ಟಿತು. ಪ್ರಾಜಕ್ತಾಗೆ ನೆಗಡಿ. ಡಾಕ್ಟರು ನೋಡಿ ಹೆದರುವಂಥದ್ದಿಲ್ಲ ಎಂದಿದ್ದಾರೆ. ಮೂಗು ಕಟ್ಟಿ ಮೂವತ್ತು ನಿಮಿಷಕ್ಕೆ ಏಳುತ್ತಾಳೆ, ನಿನ್ನೆ ಇಪ್ಪತ್ತೈದಕ್ಕೇ ಎದ್ದಳು. ಎತ್ತಿಕೊಂಡೇ ಇರಬೇಕು. ಅತ್ತೆ ಸಾಮಾಯಿಕ ಬಿಟ್ಟು ಹೆಗಲ ಮೇಲೆ ಹಾಕಿಕೊಂಡು ತಿರುಗುತ್ತಾರೆ. ಮಾವ ಗಡಿಯಾರ ನೋಡಿ ನಗುತ್ತಾರೆ. ನಾಲ್ಕು ದಿನ ಉಳಿದಿದೆ. ಏನು ಮಾಡಲಿ?

ನೂತನ


ಗಡಹಿಂಗ್ಲಜ
10 ಜನವರಿ 2025

ನೂತನಾ,

ಸ್ನೇಹಲಳ ಗಾಡಿ ತಿರುಗಿ ಹೊರಡುವುದರೊಳಗೆ ಬರೆಯುತ್ತಿದ್ದೇನೆ. ನೆಗಡಿಯ ಕೂಸನ್ನು ಎತ್ತಿಕೊಳ್ಳಿರಿ, ಎಷ್ಟು ಬೇಕಾದರೂ. ಮೈ ನೆಟ್ಟಗಾದ ಮೇಲೆ ಹನ್ನೆರಡರ ಪಾಠ ಮತ್ತೆ ಶುರು ಮಾಡಿರಿ, ಮರೆತಿರುವುದಿಲ್ಲ.

ತಪ್ಪು ನನ್ನದು. ಎರಡು ತಿಂಗಳು ನಾನೂ ಜಿನಪಾಲರ ಲೆಕ್ಕಕ್ಕೇ ಕುಣಿದೆ. ದೀಡ ತಾಸು ಮಲಗಿದರೆ ನೌಕರಿ ಎಂದು ಅವರು ಗೆರೆ ಎಳೆದರು, ನಾನು ಆ ಗೆರೆ ಮುಟ್ಟಿಸಲು ಹೊರಟೆ. ಅವರು ಅಂಗಡಿಗೆ ಹೋಗುವ ಮುನ್ನ ಯಾವ ಕೂಸಿನ ನಿದ್ದೆಯನ್ನು ಯಾರು ಅಳೆದಿದ್ದರು? ಕೂಸು ಮಲಗಿದರೂ ಹೋಗು, ಮಲಗದಿದ್ದರೂ ಹೋಗು. ಹದಿಮೂರಕ್ಕೆ ಹೋಗು.

ದೊಡ್ಡವ್ವ


ಕೊಲ್ಹಾಪುರ ಬಸ್ ಸ್ಟ್ಯಾಂಡ್
13 ಜನವರಿ 2025, ಮಧ್ಯಾಹ್ನ

ದೊಡ್ಡವ್ವಾ,

ಮೇಲಿನ ಊರಿನ ಹೆಸರು ಓದಿದೆಯಲ್ಲ? ಇಚಲಕರಂಜಿಗೆ ಮರಳುವ ಕೊನೆಯ ಖೇಪಿಗೆ ಅರ್ಧ ತಾಸು ಇದೆ, ತೊಡೆಯ ಮೇಲೆ ಟಿಕೀಟಿನ ಮಶೀನು ಇಟ್ಟು ಅದರ ಮೇಲೆ ಬರೆಯುತ್ತಿದ್ದೇನೆ.

ನಿನ್ನೆ ಸಂಜೆ, ಹೊತ್ತು ಮುಳುಗುವ ಮೊದಲಿನ ಊಟ ಮುಗಿಯುತ್ತಿದ್ದಂತೆ ಮಾವ ಕೇಳಿದರು, "ಇವತ್ತ ಎಷ್ಟ ಮಲಗ್ಯಾಳ?"

"ಮೂವತ್ತೈದ ನಿಮಿಷ್ರಿ," ಎಂದೆ. ಸುಳ್ಳು ಹೇಳಲಿಲ್ಲ.

"ಹಂಗಾರ ಮಾತು ಮುಗೀತು. ಸಮ್ಮೇದ, ಕಾಗದ ತಗಿ."

ಇವರು ಪಾಕೀಟಿನಿಂದ ತೆಗೆದರು. ನಾನು ನಾಲಿಗೆ ಹೊರಳಿಸುವುದರೊಳಗೆ ಅತ್ತೆ ಕೈ ಚಾಚಿದರು. "ಇಲ್ಲಿ ಕೊಡು, ಏನ ಬರದಾಳ ನೋಡ್ತೀನಿ." ಕನ್ನಡಕ ಹಾಕಿಕೊಂಡು ಮರಾಠಿಯಲ್ಲಿದ್ದದ್ದನ್ನು ಗಟ್ಟಿಯಾಗಿ ಓದಿದರು. "ಕೌಟುಂಬಿಕ ಕಾರಣಾಸ್ತವ." ಕುಟುಂಬದ ಕಾರಣಕ್ಕೆ ಎಂಬಲ್ಲಿಗೆ ನಿಲ್ಲಿಸಿದರು.

"ಕುಟುಂಬ ಅಂದ್ರ ಯಾರ್ರಿ ಇದರಾಗ?"

"ಯಾರಂದ್ರ? ನಾವ ಎಲ್ಲಾರೂ," ಎಂದರು ಮಾವ.

"ನನ್ನ ಕೇಳಿದ್ರೇನು? ಕೂಸನ್ನ ನೋಡ್ಕೊಳ್ಳಾಕಿ ನಾನು. ನನ್ನ ಕಡೆ ನಿಲ್ಲೂದಿಲ್ಲ ಅಂತ ಊರ ತುಂಬ ನೀವ ಹೇಳ್ಕೊಂಡ ಬಂದ್ರಿ, ನಾ ಯಾವಾಗ ಅಂದೆ? ಸಮ್ಮೇದ, ನೀ ಹೇಳು, ನಾ ಅಂದೇನೇನು?"

ಇವರು ತಾಯಿಯ ಮುಖ ನೋಡಿದರು, ತಂದೆಯ ಮುಖ ನೋಡಿದರು. "ಇಲ್ಲ, ಆಕಿ ಅಂದಿಲ್ಲ," ಎಂದರು. ಅಷ್ಟು ಹೇಳಲು ಅವರಿಗೆ ಒಂದು ಲೋಟ ನೀರು ಬೇಕಾಯಿತು.

ಅತ್ತೆ ಕಾಗದ ನನ್ನ ಕಡೆ ಹಿಡಿದರು. "ಸಹಿ ನಿಂದೈತಿ. ಹರಿಯೂದಿದ್ರ ನೀನ ಹರಿ. ನಾ ಹರಿದ್ರ ಅತ್ತಿ ದೊಡ್ಡ ಉಪಕಾರ ಮಾಡಿದ್ಲು ಅಂತ ಆಗತೈತಿ, ಅದು ಬ್ಯಾಡ."

ಹರಿದೆ. ನಾಲ್ಕಾಗಿ, ಎಂಟಾಗಿ. ಮಾವ ಕೈ ತೊಳೆಯಲು ಎದ್ದು ಹೋದವರು ಬಹಳ ಹೊತ್ತು ತೊಳೆದರು.

ಇವತ್ತು ಬೆಳಗಿನ ಐದಕ್ಕೆ ಹೊರಟೆ. ನನ್ನ ಹಾಲು ತೆಗೆದು ಫ್ರಿಜ್ಜಿನಲ್ಲಿಟ್ಟಿದ್ದೆ, ಬಟ್ಟಲು ಚಮಚೆಯಲ್ಲಿ ಕುಡಿಸುವುದು ಅತ್ತೆಗೆ ರೂಢಿಯಾಗಿದೆ. ಪ್ರಾಜಕ್ತಾ ಎದ್ದಿರಲಿಲ್ಲ. ಹಾತಕಣಂಗಲೆ ದಾಟುವವರೆಗೆ ಯಾರಿಗೆ ಎಷ್ಟು ಚಿಲ್ಲರೆ ಕೊಟ್ಟೆನೋ ದೇವರಿಗೇ ಗೊತ್ತು. ಒಬ್ಬ ಅಜ್ಜ "ತಂಗಿ, ಹೆಚ್ಚಿಗಿ ಕೊಟ್ಟಿ" ಎಂದು ತಿರುಗಿ ಕೊಟ್ಟ.

ಹನ್ನೆರಡೂ ನಲವತ್ತೈದಕ್ಕೆ ಇಲ್ಲಿ ಇಳಿದು ಮನೆಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೇ ಸಲಕ್ಕೆ ಅತ್ತೆ ಎತ್ತಿದರು.

"ಎಷ್ಟ ಸಲ ಬಾರಸ್ತಿ? ಈಗ ಎದ್ದೇನಿ ಸಾಮಾಯಿಕದಿಂದ."

"ಪ್ರಾಜು ಮಲಗ್ಯಾಳೇನ್ರಿ?"

"ನಲವತ್ತ ನಿಮಿಷಕ್ಕ ಎದ್ಲು. ನೆಗಡಿ ಇನ್ನೂ ಪೂರಾ ಹೋಗಿಲ್ಲ. ನಂದಿನ್ನ ಎಂಟ ನಿಮಿಷ ಉಳದಿತ್ತು. ಗೊಣಗಿದ್ಲು, ಇಪ್ಪತ್ತೇಳ ಉಸುರ ಎಣಿಸಿದೆ, ಅಳು ಆತು. ಇನ್ನ ಏಳಬೇಕು ಅಂತ ನೆಲಕ್ಕ ಕೈ ಊರಿದೆ, ಅಷ್ಟರಾಗ ನಿಮ್ಮ ಮಾವ ಬಂದ ಎತ್ಕೊಂಡ್ರು. ಸುಮ್ಮ ಕಣ್ಣ ಮುಚ್ಚಿದೆ."

"ಮಾವಾರ? ಎತ್ಕೊಂಡ್ರಾ?"

"ಮತ್ತೇನ ಮಾಡ್ತಾರ? ಈಗ ಮುಂದಿನ ಅಂಗಡ್ಯಾಗ ಗಾದಿ ಮ್ಯಾಲ ಕುಂಡ್ರಿಸ್ಕೊಂಡ ಕುಂತಾರ. ಬಂದ ಗಿರಾಕಿಗೆಲ್ಲಾ ತೋರಸಾಕತ್ತಾರ. ನೀ ಇನ್ನ ಫೋನ್ ಇಡು, ನಾ ಉಣಬೇಕು."

ಇಟ್ಟೆ. ನಗಬೇಕೋ ಅಳಬೇಕೋ ತಿಳಿಯದೆ ಈ ಕಾಗದ ಬರೆಯಲು ಕೂತೆ. ನಿನ್ನ ಹೆಸರು ಬರೆದು ಮುಗಿಸಿರಲಿಲ್ಲ, ಮಾವನ ಫೋನು ಬಂತು. ಎರಡು ವರ್ಷದಲ್ಲಿ ಅವರು ನನಗೆ ಫೋನು ಮಾಡಿದ್ದು ಇದೇ ಮೊದಲು. ಹಿಂದೆ ಪ್ರಾಜಕ್ತಾಳ ಕೂಗು ಕೇಳಿಸುತ್ತಿತ್ತು.

"ನೂತನಾ, ಇಕಿ ಒಂದ ಸವನ ಅಂಗಿ ಎಳ್ಯಾಕತ್ತಾಳ. ಇನ್ನ ಹಾಲು ಎಷ್ಟೊತ್ತಿಗಿ? ಮತ್ತ ಮಲಗೂದು ಎಷ್ಟೊತ್ತಿಗಿ? ನಿಮ್ಮ ಅತ್ತಿನ್ನ ಕೇಳಿದ್ರ ಉಣ್ಣಾಕ ಕುಂತೇನಿ ಅಂತಾಳ, ಏಳೂದ ಇಲ್ಲ."

"ಎಲ್ಲಾ ಅಡಗಿಮನಿ ಬಾಗಲಕ್ಕ ಬರದ ಹಚ್ಚೇನ್ರಿ ಮಾವಾರ, ಮರಾಠ್ಯಾಗ," ಎಂದೆ. "ನೀವ ಎದ್ದ ಹೋಗಿ ಓದ್ಕೋರಿ. ನಾ ಡ್ಯೂಟಿ ಮ್ಯಾಲ ಅದೇನಿ."

ನೂತನ